ನಿಂಬೆಹಣ್ಣಿನ ಪರೀಕ್ಷೆ

ಪೆಟ್ರೋಲ್ ಬಂಕುಗಳು ಒಂದೊಂದಾಗಿ ಬಾಗಿಲು ಹಾಕಿ, ಆ ಜಾಗದಲ್ಲಿ ಮಂಡಕ್ಕಿ ಮಿರ್ಚಿ ಅಂಗಡಿಗಳು ಎದ್ದಾಗ ದಾವಣಗೆರೆಯವರೆಲ್ಲ ಹಿಗ್ಗಿದ್ದೇ ಹಿಗ್ಗಿದ್ದು. ಗಾಡಿಗಳೆಲ್ಲ ಬ್ಯಾಟರಿಯವು. ಹೊಗೆಯಿಲ್ಲ, ಸದ್ದಿಲ್ಲ, ಫೋನಿಗೆ ಹಾಕಿದ ಹಾಗೆ ಮನೆಯಲ್ಲೇ ಚಾರ್ಜು. ಆದರೆ ಸರ್ಕಾರವೇನು ಗಾಳಿ ಕುಡಿದು ಬದುಕುತ್ತದೆಯೇ? ಪೆಟ್ರೋಲಿನ ಮೇಲಿನ ತೆರಿಗೆ ಬತ್ತಿಹೋಯಿತು, ರಸ್ತೆಯ ಗುಂಡಿ ಮುಚ್ಚಲು ದುಡ್ಡಿಲ್ಲ. ಆಗ ಬಂತು ನೋಡಿ ಕಿಲೋಮೀಟರ್ ಸುಂಕ. ಎಷ್ಟು ಎಣ್ಣೆ ಹಾಕಿಸಿದೆ ಎಂದು ಕೇಳುವುದಿಲ್ಲ, ಎಷ್ಟು ದೂರ ಓಡಿಸಿದೆ ಎಂದು ಕೇಳುತ್ತಾರೆ.

ಕೇಳಲು ಮನುಷ್ಯರೇನೂ ಬೇಕಿರಲಿಲ್ಲ. ಪ್ರತಿ ಗಾಡಿಯ ಚಕ್ರದ ನಡುವೆ ಹುಣಸೆಬೀಜದಷ್ಟು ದೊಡ್ಡ ಕರೀ ಗುಂಡಿಯೊಂದನ್ನು ಬೆಸೆದರು. ಅದರ ಹೆಸರು ಗಾಲಿಗಣ್ಣು. ಚಕ್ರ ತಿರುಗಿದರೆ ಅದಕ್ಕೆ ಜೀವ ಬರುತ್ತದೆ. ಒಂದೊಂದು ಸುತ್ತನ್ನೂ ಎಣಿಸಿ, ಮೇಲಿನ ಉಪಗ್ರಹದ ಜೊತೆ ತಾಳೆ ನೋಡಿ, ದೂರ ಸುಂಕ ಪ್ರಾಧಿಕಾರಕ್ಕೆ ಲೆಕ್ಕ ಒಪ್ಪಿಸುತ್ತದೆ. ಟೈರು ಬದಲಿಸಿ ಅದನ್ನು ಯಾಮಾರಿಸುವಂತಿಲ್ಲ, ಹಿಂದಕ್ಕೆ ಓಡಿಸಿ ಲೆಕ್ಕ ಕಳೆಯುವಂತಿಲ್ಲ. ಕಟ್ಟಿದ ಸುಂಕ ಮುಗಿದರೆ ಗಾಡಿ ಮತ್ತೆ ಚಾಲೂ ಆಗುವುದೇ ಇಲ್ಲ.

ಊರು ಹೊಂದಿಕೊಂಡಿತು. ಅಕ್ಕಪಕ್ಕದ ಮನೆಯವರು ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗತೊಡಗಿದರು, ಹೆಣ್ಣುಮಕ್ಕಳು ತವರಿಗೆ ಹೋಗುವುದನ್ನು ಹಬ್ಬಕ್ಕೊಮ್ಮೆ ಮಾಡಿಕೊಂಡರು. ಹೊಂದಿಕೊಳ್ಳಲಾಗದವರು ನಾವು. ನಾನು ಸರ್ವಮಂಗಳ, ನನ್ನ ಗಂಡ ಕೊಟ್ರಬಸಪ್ಪ, ನಮ್ಮದು ನೇಸರ ಡ್ರೈವಿಂಗ್ ಸ್ಕೂಲು. ಅರ್ಧ ಊರಿಗೆ ನಾನು ಮಂಗಳಕ್ಕ, ಇನ್ನರ್ಧಕ್ಕೆ ಬಾಯಿಬಡುಕಿ. ಎರಡೂ ಸರಿಯೇ ಅನ್ನಿ. ಪ್ರಪಂಚದಲ್ಲಿ ದಿನವಿಡೀ ಓಡಿ ಎಲ್ಲಿಗೂ ಹೋಗದ ಗಾಡಿ ಇದ್ದರೆ ಅದು ಡ್ರೈವಿಂಗ್ ಸ್ಕೂಲಿನದು. ಹಳೇ ಹತ್ತಿ ಮಿಲ್ಲಿನ ಮೈದಾನದಲ್ಲಿ ಎಂಟು ಹಾಕು, ಹಿಂದೆ ಬಾ, ಮತ್ತೆ ಎಂಟು ಹಾಕು. ಗಾಲಿಗಣ್ಣಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಮಂಗಳೂರಿಗೆ ಹೋಗಿ ಬಂದ ಕಾರಿಗೂ ನನ್ನ ಎಂಟಕ್ಕೂ ಒಂದೇ ಸುಂಕ.

ಪ್ರಾಧಿಕಾರದ ಎಣಿಕೆ ಕೇಂದ್ರ ಇದ್ದದ್ದೂ ಅದೇ ಮೈದಾನದ ಪಕ್ಕ, ಮಿಲ್ಲಿನ ಹಳೇ ಕಟ್ಟಡದಲ್ಲಿ. ಅಹವಾಲು ಹೇಳಿಕೊಳ್ಳಲು ನಾವಿಬ್ಬರೂ ಹೋದೆವು. ಒಳಗೆ ಹಲ್ಲು ಕಟಕಟಿಸುವ ಎಸಿ. ಗೋಡೆಯ ತುಂಬ ಒಂದೇ ಪರದೆ, ಅದರ ಮೇಲೆ ರಾಜ್ಯದ ಒಂದೊಂದು ಗಾಡಿಯೂ ಒಂದೊಂದು ಹೊಳೆಯುವ ಚುಕ್ಕಿ. ಮುಖ್ಯ ಎಂಜಿನಿಯರ್ ನೀಲಕಂಠ ಅಥಣಿಯವರು ಬೆರಳಾಡಿಸಿ ನಮ್ಮ ಮೈದಾನವನ್ನು ದೊಡ್ಡದು ಮಾಡಿ ತೋರಿಸಿದರು. ಆ ಬೆಳಗ್ಗೆ ನಮ್ಮ ಶಾಲೆಯ ಮೂರು ಚುಕ್ಕಿಗಳು ಎಂಟರ ಮೇಲೆ ಎಂಟು ತಿದ್ದಿದ್ದವು, ಶಿಶುವಿಹಾರದ ಮಕ್ಕಳ ಹಾಗೆ.

"ಸಾರ್, ನಾವು ಹೊರಟಲ್ಲಿಗೇ ಬಂದು ನಿಲ್ಲೋರು," ಅಂದರು ನನ್ನ ಗಂಡ. "ಹೊರಟ ಜಾಗಕ್ಕೂ ನಿಂತ ಜಾಗಕ್ಕೂ ಎಷ್ಟು ದೂರ ಐತಿ ಅಂತ ಎಣಿಸ್ರಿ, ಸೊನ್ನೆ ಬರತ್ತೆ. ಕಲಿಯೋ ಗಾಡಿಗಾದ್ರೂ ಹಂಗೆ ಮಾಡ್ರಿ ಸಾರ್. ಇಲ್ಲಾಂದ್ರೆ ಕಲಿಸೋದು ಹೆಂಗೆ?"

ಅಥಣಿಯವರು ಕನ್ನಡಕ ತೆಗೆದು ನಕ್ಕರು. "ಯಜಮಾನರೇ, ಗಾಣದ ಎತ್ತು ಕೂಡ ಎಲ್ಲಿಗೂ ಹೋಗುವುದಿಲ್ಲ. ಆದರೂ ನೆಲ ಸವೆಯುತ್ತದಲ್ಲವೇ?"

ಸುತ್ತ ಕಂಪ್ಯೂಟರ್ ಮುಂದೆ ಕೂತಿದ್ದವರೆಲ್ಲ ಘೊಳ್ಳೆಂದು ನಕ್ಕರು. ನನ್ನ ಗಂಡನೂ ನಕ್ಕರು, ಅವರ ಸ್ವಭಾವವೇ ಅಂಥದು. ನಾನು ನಗಲಿಲ್ಲ.

"ಇನ್ನು ಮುಂದೆ ಕಲಿಯುವುದಕ್ಕೆ ರಸ್ತೆಯೇ ಬೇಕಿಲ್ಲ," ಎಂದು ಅಥಣಿಯವರು ಮೂಲೆಯಲ್ಲಿದ್ದ ಕುರ್ಚಿಯೊಂದನ್ನು ತೋರಿಸಿದರು. ಸ್ಟೀರಿಂಗು, ಪೆಡಲು, ಕಣ್ಣಿಗೆ ಕಟ್ಟುವ ಕಪ್ಪು ಗಾಜು. ಅದರಲ್ಲಿ ಕೂತರೆ ಕಣ್ಣ ಮುಂದೆ ರಸ್ತೆ, ಬಸ್ಸು, ದನ, ಮಳೆ ಎಲ್ಲವೂ ಬರುತ್ತವಂತೆ. ಕುರ್ಚಿಯೇ ಕಲಿಸಿ, ಕುರ್ಚಿಯೇ ಪರೀಕ್ಷೆ ಮಾಡಿ, ಕುರ್ಚಿಯೇ ಲೈಸೆನ್ಸು ಕೊಡುತ್ತದಂತೆ. ಒಂದು ಕಿಲೋಮೀಟರೂ ಓಡಬೇಕಿಲ್ಲ, ಒಂದು ಪೈಸೆ ಸುಂಕವೂ ಇಲ್ಲ.

"ಕುರ್ಚಿ ಎದುರಿಗೆ ಯಾರು ನಿಲ್ತಾರ್ರಿ?" ಎಂದು ನನ್ನ ಗಂಡ ಕೇಳಿದರು. ಅಥಣಿಯವರಿಗೆ ಅದು ಅರ್ಥವಾಗಲಿಲ್ಲ. ನಿಮಗೂ ಆಗಿರಲಿಕ್ಕಿಲ್ಲ, ಹೇಳುತ್ತೇನೆ.

ಹೊಸ ಗಾಡಿ ತಂದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದು ಎಲ್ಲರೂ ಬಲ್ಲ ಪದ್ಧತಿ. ನನ್ನ ಗಂಡ ಅದನ್ನು ತಿರುವುಮುರುವು ಮಾಡಿಕೊಂಡಿದ್ದರು. ಶಿಷ್ಯನ ಕಲಿಕೆ ಮುಗಿದ ದಿನ ಮೈದಾನದ ನಡುವೆ ತಮ್ಮ ಕಾಲಬುಡದಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡು ನಿಲ್ಲುವರು. ಶಿಷ್ಯ ದೂರದಿಂದ ಅವರ ಮೇಲೇ ಗಾಡಿ ಬಿಟ್ಟುಕೊಂಡು ಬಂದು ಹಣ್ಣಿಗೆ ತಾಗದಂತೆ ನಿಲ್ಲಿಸಬೇಕು. ಪಕ್ಕದಲ್ಲಿ ಬ್ರೇಕ್ ಹಿಡಿಯಲು ನಾನೂ ಇರುವುದಿಲ್ಲ. "ಕಲಿಸಿದೋನು ಎದುರಿಗೆ ನಿಲ್ಲಬೇಕು ಮಂಗಳಾ," ಅನ್ನುವರು. "ನಿಲ್ಲಾಕೆ ನನಗೇ ಹೆದರಿಕೆ ಆಯ್ತು ಅಂದ್ರೆ ಅವ್ನಿಗೆ ಇನ್ನೂ ಕಲಿಸೋದೈತಿ ಅಂತ ಅರ್ಥ." ಹಾಗೆ ಉಳಿದ ಹಣ್ಣುಗಳನ್ನು ಮನೆಗೆ ತಂದು ನಾನು ಉಪ್ಪಿನಕಾಯಿ ಹಾಕುತ್ತಿದ್ದೆ. ನಮ್ಮ ಮನೆಯ ಜಾಡಿಯಲ್ಲಿ ಪಾಸಾದವರ ಹಣ್ಣು ಬಿಟ್ಟರೆ ಬೇರೆ ಹಣ್ಣು ಬಿದ್ದದ್ದಿಲ್ಲ.

ಕುರ್ಚಿ ಬಂದ ಮೇಲೆ ನಮ್ಮಲ್ಲಿಗೆ ಯಾರು ಬರುತ್ತಾರೆ? ಎರಡು ಕಾರು ಮಾರಿದೆವು. ಮನಸ್ಸಾಗದೆ ಹಳೇ ಬಿಳಿ ಕಾರೊಂದನ್ನು ಉಳಿಸಿಕೊಂಡೆವು. ಅದು ಪೆಟ್ರೋಲಿನ ಕಾಲದ್ದು, ಆಮೇಲೆ ಬ್ಯಾಟರಿ ಕೂರಿಸಿದ್ದು. ಈಗಿನವು ಯಜಮಾನನ ಮುಖ ನೋಡಿ ಚಾಲೂ ಆಗುತ್ತವೆ, ನಮ್ಮ ಮುದುಕಿಗೆ ಇನ್ನೂ ಕೀಲಿ ತಿರುಗಿಸಬೇಕು, ಹಾರನ್ ಒಂದಕ್ಕೆ ಬಿಟ್ಟು.

ಒಂದು ಸಂಜೆ ನನ್ನ ಗಂಡ ಮಂಡಕ್ಕಿ ತರಲು ಹೋದರು. ಅಂಗಡಿಯ ಮುಂದೆ ಫುಟ್‌ಪಾತಿನ ಮೇಲೆ ನಿಂತು, ಮಿರ್ಚಿ ಬಿಸಿ ಇದೆಯೋ ಎಂದು ಮುಟ್ಟಿ ನೋಡುತ್ತಿದ್ದರಂತೆ. ಚೌಕಿಪೇಟೆಯ ಸೀರೆ ಅಂಗಡಿಯ ಪಂಪಾಪತಿ ಹೊಸ ಕಾರಿನಲ್ಲಿ ಬಂದರು. ಕುರ್ಚಿ ಲೈಸೆನ್ಸು ಬಂದು ವಾರವಾಗಿತ್ತು. ಎದುರಿಗೆ ಯಾವುದೋ ಸೈಕಲ್ಲು ಅಡ್ಡ ಬಂತು. ಅವರು ಬ್ರೇಕ್ ಒತ್ತಿದರು, ಅಂದರೆ ಒತ್ತಿದೆ ಅಂದುಕೊಂಡರು. ಕಾಲು ಇದ್ದದ್ದು ಪಕ್ಕದ ಪೆಡಲಿನ ಮೇಲೆ. ಕಾರು ಸದ್ದಿಲ್ಲದೆ ಫುಟ್‌ಪಾತ್ ಹತ್ತಿತು. ನನ್ನ ಗಂಡನ ಕೈಯಲ್ಲಿ ಮಂಡಕ್ಕಿ ಪೊಟ್ಟಣ ಹಾಗೇ ಇತ್ತು ಎಂದು ಅಂಗಡಿಯವನು ಅತ್ತುಕೊಂಡು ಹೇಳಿದ.

ಪ್ರಾಧಿಕಾರ ವಿಚಾರಣೆ ಮಾಡಿತು. ಕುರ್ಚಿ ತಪ್ಪು ಮಾಡುವುದುಂಟೇ? ಚಾಲಕನ ತರಬೇತಿ ಪರಿಪೂರ್ಣ, ಪಾದಚಾರಿಯ ಅಜಾಗರೂಕತೆಯೇ ಸಾವಿಗೆ ಕಾರಣ, ಎಂದು ತೀರ್ಪಾಯಿತು. ಅದನ್ನು ಟೀವಿಯಲ್ಲಿ ಓದಿ ಹೇಳಿದವನು ಅಥಣಿ. ಇನ್ನು ಮುಂದೆ ಅವನಿಗೆ ನಾನು ಬಹುವಚನ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಊರಿಗೆಲ್ಲ ರಸ್ತೆ ಕಲಿಸಿದ ಮನುಷ್ಯನಿಗೆ ರಸ್ತೆಬದಿಯಲ್ಲಿ ನಿಲ್ಲಲು ಬರಲಿಲ್ಲ ಅಂದನಲ್ಲ! ಗಂಡ ಹೋದದ್ದಕ್ಕೆ ಅತ್ತೆ. ಈ ಮಾತಿಗೆ ಅಳಲಿಲ್ಲ, ಎದ್ದು ಟೀವಿ ಆರಿಸಿದೆ. ಅವರ ಹೆಸರಿಗೆ ಹತ್ತಿದ ಆ ಮಸಿ ಅಥಣಿಯ ಕೈಯಿಂದಲೇ ಒರೆಸಿಸಬೇಕು, ಊರೆದುರಿಗೇ ಒರೆಸಿಸಬೇಕು, ಇಲ್ಲದಿದ್ದರೆ ನಾನು ಹುಟ್ಟಿದ್ದು ದಂಡ ಎಂದುಕೊಂಡೆ.

ಗಂಡನ ಶಿವಗಣಾರಾಧನೆಯ ದಿನ ಊಟಕ್ಕೆ ಬಡಿಸುತ್ತಿದ್ದೆ, ಪಂಪಾಪತಿ ಬಂದು ಗೇಟಿನ ಹೊರಗೇ ನಿಂತರು. ದಪ್ಪನೆಯ ಮನುಷ್ಯ, ಐವತ್ತರ ಮೇಲೆ, ಎಳೆ ಮಗುವಿನ ಹಾಗೆ ಬಿಕ್ಕುತ್ತಿದ್ದರು.

"ಅಕ್ಕಾ, ನನ್ನ ಕಾಲು ಬ್ರೇಕ್ ಮೇಲೇ ಐತಿ ಅಂದ್ಕಂಡಿದ್ದೆ. ಒತ್ತೇ ಒತ್ತಿದೆ. ನಿಲ್ಲಲೇ ಇಲ್ಲ. ಕುರ್ಚಿಯಾಗೆ ಯಾವಾಗ್ಲೂ ನಿಲ್ತಿತ್ತು ಅಕ್ಕಾ..."

ಕೈಯಲ್ಲಿದ್ದ ಸೌಟನ್ನೇ ಬೀಸಿ ಒಗೆದೆ. ಹಣೆಗೆ ಬಡಿದು ರಕ್ತ ಬಂತು. ಅವರು ಒರೆಸಿಕೊಳ್ಳಲೂ ಇಲ್ಲ, ಬಗ್ಗಿ ಸೌಟು ಎತ್ತಿ ಗೇಟಿನ ಮೇಲೆ ಇಟ್ಟು ಹೋದರು.

ಕುರ್ಚಿಯಲ್ಲಿ ಯಾವಾಗಲೂ ನಿಲ್ಲುತ್ತಿತ್ತು ಎಂಬ ಮಾತು ಮಾತ್ರ ಕಿವಿಯಿಂದ ಹೋಗಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಒಂದು ಬೆಳಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದೆ. ಗೇಟಿನ ಮುಂದೆ ಕಾರು ನಿಂತಿತು. ಇಳಿದವನು ಅಥಣಿ! ಜೊತೆಗೆ ಅವನ ಮಗಳು ಮೇದಿನಿ. ದನದ ಡಾಕ್ಟರಂತೆ, ಜಗಳೂರಿನ ಕಡೆ ಕೆಲಸ ಸಿಕ್ಕಿದೆಯಂತೆ, ಹೊತ್ತುಗೊತ್ತಿಲ್ಲದೆ ಹಳ್ಳಿಹಳ್ಳಿ ತಿರುಗಬೇಕಂತೆ.

"ಸರ್ವಮಂಗಳ ಅವರೇ, ಆದದ್ದು ಆಗಿಹೋಯಿತು," ಎಂದು ಶುರು ಮಾಡಿದ. "ಮಗಳಿಗೆ ಒಂದಿಷ್ಟು ರಸ್ತೆಯ ಅಭ್ಯಾಸ ಮಾಡಿಸಬೇಕಿತ್ತು."

"ಯಾಕ್ರಿ, ಕುರ್ಚಿಯಾಗೆ ಫೇಲಾದ್ಲಾ?"

"ಛೆ ಛೆ! ಮೊದಲ ದರ್ಜೆ. ಆದರೂ..."

ಆ 'ಆದರೂ' ನನ್ನ ಮೂಗಿಗೆ ಬಡಿಯಿತು, ಹಳಸಿದ ಸಾರಿನ ವಾಸನೆ ಬಡಿದ ಹಾಗೆ. ಬೆಣ್ಣೆಯಂತೆ ಮಾತಾಡುವವನು ಎಂದೂ 'ಆದರೂ' ಎಂದು ನಿಂತವನಲ್ಲ.

ಸುಂಕದ ಚಿಂತೆ ಬೇಡ, ದಿನಾ ಬೆಳಗ್ಗೆ ಒಂದು ಗಂಟೆ ನಿಮ್ಮ ಗಾಡಿಯ ಗಾಲಿಗಣ್ಣನ್ನು ಕೇಂದ್ರದಿಂದ ನಾನೇ ಮುಚ್ಚಿಸುತ್ತೇನೆ ಎಂದ. ನನ್ನ ಗಂಡ ಅಂಗಲಾಚಿದಾಗ ಇಲ್ಲದ ದಾರಿ ಮಗಳಿಗೆ ಬೇಕಾದಾಗ ಬೆರಳ ತುದಿಯಲ್ಲೇ ಇತ್ತು! ಷರತ್ತು ಒಂದೇ, ಈ ವಿಷಯ ನನ್ನ ಬಾಯಿಂದ ಯಾರಿಗೂ ತಿಳಿಯಬಾರದು.

"ನಿಮ್ಮ ಯಜಮಾನರ ಫೋಟೋ ಮುಟ್ಟಿ ಮಾತು ಕೊಡಿ," ಅಂದ. ಎಂಥ ಎದೆ ನೋಡಿ! ಕೊಂದವನೇ ಬಂದು ಆಣೆ ಇಡಿಸುತ್ತಿದ್ದಾನೆ.

ಒಳಗೆ ಹೋಗಿ ಫೋಟೋ ಮುಟ್ಟಿ ಬಂದೆ. ಯಾಕೆ ಒಪ್ಪಿದೆ ಎಂದು ಕೇಳುತ್ತೀರಾ? ಮೀನು ತಾನಾಗಿ ಬುಟ್ಟಿಗೆ ಬಂದು ಬಿದ್ದರೆ ಯಾರು ಬೇಡವೆನ್ನುತ್ತಾರೆ? ನನ್ನ ಕಾಲಬುಡದಲ್ಲಿ ಬ್ರೇಕ್ ಇದೆ, ನನ್ನ ಪಕ್ಕದಲ್ಲಿ ಅವನ ಮಗಳಿದ್ದಾಳೆ. ಆ ಬೆಳಗ್ಗೆ ನನ್ನ ತಲೆಯಲ್ಲಿದ್ದದ್ದು ಅಷ್ಟೇ, ಮುಚ್ಚಿಡುವುದಿಲ್ಲ.

ಬಾತಿ ಕೆರೆಯ ಕಡೆ ಕಲಿಸುತ್ತಿದ್ದೆ. ಆ ಒಂದು ಗಂಟೆ ನಮ್ಮ ಚುಕ್ಕಿ ಎಣಿಕೆ ಕೇಂದ್ರದ ಪರದೆಯ ಮೇಲೆ ಇರುತ್ತಿರಲಿಲ್ಲ, ನಾವು ಭೂಮಿಯ ಮೇಲೇ ಇಲ್ಲದ ಹಾಗೆ. ಹುಡುಗಿ ಒಳ್ಳೆಯವಳು ಎಂಬುದು ಎರಡನೇ ದಿನಕ್ಕೇ ಗೊತ್ತಾಗಿ ನನಗೆ ಸಿಟ್ಟು ಬಂತು. ಅಪ್ಪನ ಹಾಗೆ ಕೊಂಕು ಇದ್ದಿದ್ದರೆ ದ್ವೇಷ ಮಾಡಲು ಸಲೀಸಾಗುತ್ತಿತ್ತು. "ಅಕ್ಕಾ, ಅಕ್ಕಾ" ಎಂದು ಅಂಟಿಕೊಂಡಳು, ನನಗೆ ಫ್ಲಾಸ್ಕಿನಲ್ಲಿ ಚಹಾ ತಂದಳು.

ಐದಾರು ದಿನ ಕಳೆದಿರಬೇಕು. ಕೆರೆ ಏರಿಯ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು, ಮಂದೆಯ ಮುಂದೆ ಕಂಬಳಿ ಹೊದ್ದ ಮುದುಕ. ಮೇದಿನಿ ಚೀರಿ ಕಾಲು ಒತ್ತಿದಳು. ಗಾಡಿ ನಿಲ್ಲಲಿಲ್ಲ, ಮುಂದಕ್ಕೆ ಚಿಮ್ಮಿತು. ಬಲಗಡೆ ಕೆರೆ. ಅವಳು ಗಾಬರಿಯಲ್ಲಿ ಸ್ಟೀರಿಂಗನ್ನು ನೀರಿನ ಕಡೆಗೇ ತಿರುಗಿಸಿದಳು.

ನನ್ನ ಕಾಲು ಬ್ರೇಕಿನ ಮೇಲಿತ್ತು. ಒತ್ತಲಿಲ್ಲ. ಒಂದೇ ಒಂದು ಉಸಿರು. ಬಿಡು, ನಾನೂ ಹೋದರೆ ಹೋಗಲಿ, ಅವನಿಗೂ ಗೊತ್ತಾಗಲಿ, ಮನೆಗೆ ಮಂಡಕ್ಕಿ ಬರುವ ಹೊತ್ತಿಗೆ ಹೆಣ ಬಂದರೆ ಹೇಗಿರುತ್ತದೆ ಎಂದು. ಆಗ ಪಕ್ಕದಿಂದ "ಅಕ್ಕಾ!" ಎಂದು ಕೂಗಿದಳು. ಅಪ್ಪಾ ಅನ್ನಲಿಲ್ಲ, ಅಮ್ಮಾ ಅನ್ನಲಿಲ್ಲ. ಹಲ್ಲು ಕಚ್ಚಿ ಬ್ರೇಕ್ ತುಳಿದೆ. ಗಾಡಿ ಏರಿಯ ಅಂಚಿನ ಕಲ್ಲಿಗೆ ಮೂಗು ತಾಗಿಸಿ ನಿಂತಿತು.

ಮುದುಕ ನಮಗೆ ವಂಶೋದ್ಧಾರವಾಗುವಷ್ಟು ಬೈದು ಕುರಿ ಹೊಡೆದುಕೊಂಡು ಹೋದ. ಮೇದಿನಿ ಇನ್ನೂ ಸ್ಟೀರಿಂಗ್ ಹಿಡಿದೇ ಕೂತಿದ್ದಳು.

"ಬ್ರೇಕೇ ಒತ್ತಿದ್ನಲ್ಲ ಅಕ್ಕಾ?"

"ಕಾಲು ನೋಡ್ಕ. ಎಲ್ಲೈತಿ?"

ನೋಡಿದಳು. ಕಾಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. "ಕುರ್ಚಿಯಲ್ಲಿ ಹಿಂಗಾದ್ರೆ ಅದೇ ನಿಲ್ಲಿಸ್ತಿತ್ತು ಅಕ್ಕಾ."

"ಅದೇ ಅಂದ್ರೆ?"

ಆಗ ಬಿಡಿಸಿ ಹೇಳಿದಳು. ಮೊದಮೊದಲು ಕುರ್ಚಿಯಲ್ಲಿ ಮುಕ್ಕಾಲು ಪಾಲು ಜನ ಫೇಲಾಗುತ್ತಿದ್ದರಂತೆ. ರಸ್ತೆಯಲ್ಲಿ ಗಾಡಿ ಚಿಮ್ಮಿದರೆ ಬೆನ್ನಿಗೆ ಗೊತ್ತಾಗುತ್ತದೆ, ಹೊಟ್ಟೆಗೆ ಗೊತ್ತಾಗುತ್ತದೆ, ಅದರಿಂದ ಕಾಲು ಬುದ್ಧಿ ಕಲಿಯುತ್ತದೆ. ಕುರ್ಚಿ ಅಲ್ಲಾಡುವುದಿಲ್ಲವಲ್ಲ, ಕಾಲಿಗೆ ಎಲ್ಲಿಂದ ಬುದ್ಧಿ ಬರಬೇಕು? ಫೇಲಾದವರೆಲ್ಲ ಗಲಾಟೆ ಮಾಡಿದರು. ಆಗ ಕುರ್ಚಿಯೊಳಗೆ ಒಂದು ಸಣ್ಣ ಏರ್ಪಾಟು ಸೇರಿಸಿದರು. ಗಾಬರಿಯಲ್ಲಿ ಯಾವ ಪೆಡಲು ಒತ್ತಿದರೂ ಕುರ್ಚಿ ಅದನ್ನು ಬ್ರೇಕ್ ಎಂದೇ ತಿಳಿದು ನಿಲ್ಲಿಸಿಬಿಡುತ್ತಿತ್ತು. ಕೂತವನಿಗೆ ತಾನೇ ನಿಲ್ಲಿಸಿದೆ ಎಂಬ ಭ್ರಮೆ. ಎಲ್ಲರೂ ಪಾಸು.

"ಇದು ನಿಮ್ಮಪ್ಪಗೆ ಗೊತ್ತೈತಾ?" ಎಂದು ಕೇಳಿದೆ.

ಅವಳು ಸ್ಟೀರಿಂಗಿನ ಮೇಲೆ ತಲೆಯಿಟ್ಟಳು. "ಸೇರಿಸಿದ್ದೇ ಅಪ್ಪ. ಅದಕ್ಕೇ ನನ್ನ ನಿಮ್ಮ ಹತ್ರ ಕರ್ಕೊಂಡು ಬಂದಿದ್ದು."

ಗೊತ್ತಿತ್ತು. ಅಯ್ಯೋ ಪಾಪಿ! ಗೊತ್ತಿದ್ದೂ ಟೀವಿಯ ಮುಂದೆ ಕೂತು ನನ್ನ ಗಂಡನಿಗೆ ನಿಲ್ಲಲು ಬರಲಿಲ್ಲ ಅಂದನಲ್ಲ! ಮನೆಗೆ ಬಂದು ಜಾಡಿ ತೆಗೆದೆ. ತಳದಲ್ಲಿ ಮೂರೋ ನಾಲ್ಕೋ ಹೋಳು ಉಳಿದಿದ್ದವು. ಅನ್ನದ ಮೇಲೆ ಹಾಕಿಕೊಂಡು ಅತ್ತು ಅತ್ತು ಉಂಡೆ. ಇಂಥವನಿಗೆ ಮಗಳನ್ನು ಕೊಂದು ಬುದ್ಧಿ ಕಲಿಸುವುದಲ್ಲ, ಹುಡುಗಿಯದೇನು ತಪ್ಪು? ಅವನ ಮುಖವಾಡವನ್ನು ಅವನ ಕಾಲುಗಳೇ ಕಿತ್ತೆಸೆಯಬೇಕು.

ಮೇದಿನಿಗೆ ಕಲಿಸಿದೆ. ಹಟ ತೊಟ್ಟು ಕಲಿಸಿದೆ. ಕಣ್ಣು ಮುಚ್ಚಿಕೊಂಡರೂ ಕಾಲಿಗೆ ಬ್ರೇಕಿನ ಜಾಗ ತಿಳಿಯಬೇಕು, ಹಾಗೆ. ಕೊನೆಯ ದಿನ ಕೆರೆಯ ಕೆಳಗಿನ ಬಯಲಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡು ನಾನೇ ಎದುರಿಗೆ ನಿಂತೆ. ಅವಳು ಬೇಡ ಬೇಡ ಎಂದು ಅತ್ತಳು, ಬೈದು ಕೂರಿಸಿದೆ. ಬಂದಳು. ಹಣ್ಣಿನಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸಿದಳು. ಗಂಡ ಹೋದ ಮೇಲೆ ಜಾಡಿಗೆ ಬಿದ್ದ ಮೊದಲ ಹಣ್ಣು ಅದು.

"ಇದೇನು ಪದ್ಧತಿ ಅಕ್ಕಾ?" ಎಂದು ಕೇಳಿದಳು. ಹೇಳಿದೆ. ಹಣ್ಣನ್ನು ಎತ್ತಿ ನನ್ನ ಕೈಗಿಟ್ಟಳು. "ಹಂಗಾದ್ರೆ ಕುರ್ಚಿಯಲ್ಲಿ ಕಲ್ತೋರ ಎದುರಿಗೆ ಯಾರು ನಿಲ್ಲಬೇಕು?"

ನನ್ನ ಗಂಡ ಕೇಳಿದ್ದ ಪ್ರಶ್ನೆಯೇ. ಉತ್ತರ ಅವತ್ತು ಹೊಳೆಯಿತು.

ಕುರ್ಚಿಯಲ್ಲಿ ಲಕ್ಷ ಜನ ಪಾಸಾದರು ಎಂದು ಪ್ರಾಧಿಕಾರ ಮಿಲ್ಲಿನ ಮೈದಾನದಲ್ಲೇ ದೊಡ್ಡ ಸಮಾರಂಭ ಇಟ್ಟುಕೊಂಡಿತು. ಹಳೇ ಡ್ರೈವಿಂಗ್ ಸ್ಕೂಲಿನವರಿಗೆ ಸನ್ಮಾನವಂತೆ! ಕತ್ತು ಕುಯ್ದು ಮಾಲೆ ಹಾಕುವುದೆಂದರೆ ಇದೇ. ಮಗಳಿಗೆ ಕಲಿಸಿದ ಋಣ ತೀರಿಸಲು ಅಥಣಿಯೇ ಪಟ್ಟಿಯ ಮೇಲ್ಗಡೆ ನನ್ನ ಹೆಸರು ಹಾಕಿಸಿದ್ದ. ಬರುತ್ತೇನೆ, ಆದರೆ ನನ್ನ ಬಿಳಿ ಕಾರನ್ನೂ ವೇದಿಕೆಯ ಎದುರು ಸ್ವಲ್ಪ ದೂರದಲ್ಲಿ ನಿಲ್ಲಿಸಬೇಕು, ಅದಕ್ಕೂ ಒಂದು ಹಾರ ಹಾಕಬೇಕು ಅಂದೆ. ಹೆಂಗಸಿನ ಆಸೆ ಎಂದುಕೊಂಡು ಒಪ್ಪಿದರು.

ಹಿಂದಿನ ದಿನ ಚೌಕಿಪೇಟೆಗೆ ಹೋದೆ. ಪಂಪಾಪತಿ ನನ್ನನ್ನು ಕಂಡು ಗಾದಿಯಿಂದ ಎದ್ದೇ ಬಿಟ್ಟರು. ಹಣೆಯ ಮೇಲೆ ಸೌಟಿನ ಕಲೆ ಇತ್ತು. ಅಂಗಡಿಯ ಹುಡುಗಿಯರನ್ನು ಆಚೆ ಕಳಿಸಿ ಹೇಳಬೇಕಾದದ್ದು ಹೇಳಿದೆ; ಆಣೆ ಇಟ್ಟ ಮೇದಿನಿಯ ಪಾಠದ ವಿಷಯ ಮಾತ್ರ ಬಾಯಿಬಿಡಲಿಲ್ಲ. ಕುರ್ಚಿಯ ಏರ್ಪಾಟಿನ ವಿಷಯ ಕೇಳಿ ಅವರು ಸೀರೆಯ ರಾಶಿಯ ಮೇಲೇ ಕುಸಿದು ಕೂತರು.

"ನಂದು ತಪ್ಪಲ್ಲ ಅಂತೀರಾ ಅಕ್ಕಾ?"

"ನಿಮ್ಮದೂ ಐತಿ. ನಿಮಗೆ ಕಲಿಸಿಲ್ಲ ಅಂತ ನಿಮಗೆ ಗೊತ್ತಿರಲಿಲ್ಲ, ಅದಕ್ಕೇ ಸೌಟು ಒಗೆದಿದ್ದು ಸಾಕು ಅಂತ ಬಿಟ್ಟೀನಿ. ನಾಳೆ ಒಂದು ಕೆಲಸ ಮಾಡ್ಬೇಕು."

"ಸ್ಟೀರಿಂಗ್ ಮುಟ್ಟಲ್ಲ ಅಂತ ಆಣೆ ಮಾಡೀನಿ."

"ಬರೇ ಹಿಡ್ಕಂಡು ಕೂತ್ಕಳ್ರಿ. ಏನೂ ಒತ್ಬ್ಯಾಡ್ರಿ."

ಸಮಾರಂಭದ ದಿನ ಮೈದಾನ ಕಿಕ್ಕಿರಿದಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಬಾಯಿಬಡುಕಿಗೆ ಮೈಕು ಕೊಟ್ಟವರದೇ ತಪ್ಪು!

ಗಂಡನ ನಿಂಬೆಹಣ್ಣಿನ ಪರೀಕ್ಷೆಯ ಕಥೆ ಹೇಳಿದೆ. ಜನ ಚ್ಚು ಚ್ಚು ಎಂದರು, ಅವರಲ್ಲಿ ಎಷ್ಟೋ ಜನ ನಮ್ಮ ಶಿಷ್ಯರೇ. "ಕಲಿಸಿದೋರು ಎದುರಿಗೆ ನಿಲ್ಲಬೇಕು ಅನ್ನೋದು ನಮ್ಮ ವಿದ್ಯೆಯ ಧರ್ಮ. ಲಕ್ಷ ಜನಕ್ಕೆ ಕಲಿಸಿದ ಗುರುಗಳು ಇಲ್ಲೇ ಕೂತಾರೆ. ಇವತ್ತು ಅಥಣಿ ಸಾಹೇಬ್ರು ನಮ್ಮೆಲ್ಲರ ಮುಂದೆ ನಿಂಬೆಹಣ್ಣಿನ ಹಿಂದೆ ನಿಲ್ಲಬೇಕು, ಕುರ್ಚಿಯಾಗೆ ಕಲ್ತೋರು ಗಾಡಿ ತಂದು ನಿಲ್ಲಿಸಬೇಕು. ಆಗ ನಾನೇ ನನ್ನ ಶಾಲು ಬಿಚ್ಚಿ ಅವ್ರಿಗೆ ಹೊದಿಸ್ತೀನಿ," ಅಂದೆ.

ಚಪ್ಪಾಳೆಯೋ ಚಪ್ಪಾಳೆ. ಅಥಣಿಯ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಮಗಳ ಮೇಲೆ ಕಣ್ಣು ಬಿತ್ತು ನೋಡಿ, ಮುಖ ಅರಳಿಬಿಟ್ಟಿತು. ನನ್ನ ಬಾಯಿ ಆಣೆಯಿಂದ ಕಟ್ಟಿದೆ ಎಂಬ ಧೈರ್ಯ ಬೇರೆ.

"ಅಗತ್ಯವಾಗಿ! ನನ್ನ ಮಗಳೇ ಓಡಿಸುತ್ತಾಳೆ. ಅವಳೂ ಕುರ್ಚಿಯಲ್ಲಿ ಕಲಿತವಳೇ," ಎಂದು ಕೊರಳಪಟ್ಟಿಯ ಮೈಕಿನಲ್ಲಿ ಸಾರಿ, ಕೋಟು ಸರಿಮಾಡಿಕೊಂಡು ಇಳಿದ. ನಾನು ಸೆರಗಿನ ಗಂಟಿನಿಂದ ನಿಂಬೆಹಣ್ಣು ತೆಗೆದು ಅವನ ಹೊಳೆಯುವ ಬೂಟಿನ ಮುಂದಿಟ್ಟೆ. ಕ್ಯಾಮೆರಾಗಳು ಸುತ್ತುವರಿದವು. ಮೇದಿನಿ ಎದ್ದಳು.

"ನೀನು ಕೂತ್ಕ ಮಗಳೇ," ಅಂದೆ. "ಡ್ರೈವರು ಆಗ್ಲೇ ಗಾಡಿಯಾಗೆ ಅದಾರೆ."

ಹಾರ ಹಾಕಿಸಿಕೊಂಡು ದೂರದಲ್ಲಿ ನಿಂತಿದ್ದ ಬಿಳಿ ಕಾರಿನ ಮುಂದಿನ ಗಾಜನ್ನು ಹೂವು ಮುಚ್ಚಿತ್ತು. ಹೋಗಿ ಹಾರ ಸರಿಸಿದೆ. ಒಳಗೆ ಪಂಪಾಪತಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಬೆವರಿನಲ್ಲಿ ಸ್ನಾನ ಮಾಡಿದಂತೆ ಕೂತಿದ್ದರು. ಜನ ಗುರುತು ಹಿಡಿದರು. ಮೈದಾನದಲ್ಲಿ ಪಿಸುಮಾತು ಎದ್ದು ಹಾಗೇ ಅಡಗಿತು.

"ಇವ್ರೂ ನಿಮ್ಮ ಕುರ್ಚಿಯಲ್ಲೇ ಪಾಸಾದೋರು," ಎಂದು ಮೈಕಿನಲ್ಲಿ ಅಂದೆ. "ತರಬೇತಿ ಪರಿಪೂರ್ಣ ಅಂತ ನೀವೇ ಹೇಳೀರಿ. ನಿಂತ್ಕಳ್ರಿ ಸಾರ್, ನಿಲ್ಲಾಕೆ ಬರೋರು ನೀವು. ನನ್ನ ಗಂಡಗೆ ಬರ್ತಿರಲಿಲ್ಲ."

ಅಥಣಿ ಬಾಯಿ ತೆರೆದ. ಏನೋ ಹೇಳಲು ನೋಡಿದ, ತಾಂತ್ರಿಕ ಕಾರಣ, ಸುರಕ್ಷತೆ, ಅನುಮತಿ ಎಂದು ತೊದಲಿದ. ಕಣ್ಣು ಮಾತ್ರ ಕಾರಿನ ಮೇಲಿತ್ತು. ಬ್ಯಾಟರಿ ಗಾಡಿ, ಚಾಲೂ ಇದೆಯೋ ಇಲ್ಲವೋ ಯಾರಿಗೆ ಗೊತ್ತಾಗಬೇಕು? ಅಷ್ಟರಲ್ಲಿ ಪಂಪಾಪತಿ ಬೆವರು ಒರೆಸಲು ಕೈಯೆತ್ತಿದರು, ಮೊಣಕೈ ಹಾರನ್ನಿಗೆ ತಾಗಿತು. ಪೋಂ!

"ಯವ್ವಾ!" ಎಂದು ಚೀರಿ ಅಥಣಿ ಓಡಿದ. ಎಂಜಿನಿಯರನ ನಯವಾದ ಮಾತೆಲ್ಲ ಉದುರಿ ಹುಟ್ಟಿದೂರಿನ ಭಾಷೆ ಬಾಯಿಗೆ ಬಂತು. "ಹಿಡೀರಿ ಅವನ್ನ! ಅವಂಗ ಬ್ರೇಕ್ ಹಾಕಾಕ ಬರೂದಿಲ್ಲ! ಕುರ್ಚ್ಯಾಗ ಯಾರಿಗೂ ಬರೂದಿಲ್ಲ!" ಎನ್ನುತ್ತ ವೇದಿಕೆಯ ಮೆಟ್ಟಿಲಿಗೆ ಎಡವಿ ಕೋಟಿನ ಸಮೇತ ಬಿದ್ದ. ಕೊರಳಪಟ್ಟಿಗೆ ಸಿಕ್ಕಿಸಿದ್ದ ಪುಟ್ಟ ಮೈಕು ಅದನ್ನೆಲ್ಲ ಮೈದಾನದ ಮೂಲೆ ಮೂಲೆಗೂ ಕೇಳಿಸಿತು.

ಕಾರು ಇದ್ದಲ್ಲೇ ಇತ್ತು, ಒಂದಿಂಚೂ ಸರಿದಿರಲಿಲ್ಲ.

ನಾನು ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿ ತೆಗೆದು ಎತ್ತಿ ಹಿಡಿದೆ. "ಗಾಡಿ ಕೀಲಿ ಇಲ್ಲೈತಿ. ಅದು ಚಾಲೂನೇ ಆಗಿರಲಿಲ್ಲ. ಇವ್ರು ಯಾಕೆ ಓಡಿದ್ರು? ಇವ್ರಿಗೆ ಗೊತ್ತಿತ್ತು. ನನ್ನ ಗಂಡ ಯಾಕೆ ಓಡಲಿಲ್ಲ? ಅವ್ರಿಗೆ ಗೊತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನಿಂದ ಮುದುಕಿಯೊಬ್ಬಳು ಮಾತ್ರ ಕೂಗಿದಳು, "ಅಲ್ಲೋ ಯಪ್ಪಾ, ನೀನಾದ್ರೆ ಓಡಿದಿ. ದಿನಾ ರಸ್ತೆಯಾಗೆ ಅಂಥೋರು ಬರ್ತಾರಲ್ಲ, ನಾವು ಎಲ್ಲಿಗೆ ಓಡ್ಬೇಕೋ?"

ಆಣೆ ನನ್ನ ಬಾಯಿಗಿತ್ತು, ಮೇದಿನಿಗೆ ಇರಲಿಲ್ಲ. ಅವಳು ಅಪ್ಪನನ್ನು ಎಬ್ಬಿಸಿ ಕೂರಿಸಿ, ನೀರು ಕುಡಿಸಿ, ಆಮೇಲೆ ನನ್ನ ಕೈಯಿಂದ ಮೈಕು ತೆಗೆದುಕೊಂಡಳು. ಕುರ್ಚಿಯೊಳಗಿನ ಏರ್ಪಾಟು, ಬೆಳಗಿನ ಒಂದು ಗಂಟೆ, ಮುಚ್ಚಿದ ಗಾಲಿಗಣ್ಣು ಎಲ್ಲ ಹೇಳಿದಳು. ಹೇಳುವಾಗ ಅತ್ತಳು, ಆದರೆ ಒಂದು ಮಾತೂ ನುಂಗಲಿಲ್ಲ.

ಕುರ್ಚಿಗಳನ್ನು ಲಾರಿಗೆ ತುಂಬಿಕೊಂಡು ಹೋದರು. ಕಲಿಯುವ ಗಾಡಿಗೆ ಹೊರಟ ಜಾಗದಿಂದ ನಿಂತ ಜಾಗಕ್ಕೇ ಎಣಿಕೆ ಎಂದು ನಿಯಮ ಬಂತು; ನಮ್ಮ ಎಂಟುಗಳೆಲ್ಲ ಈಗ ಸೊನ್ನೆ. ಕೆಲಸ ಹೋಗುವ ಮುಂಚೆ ಅಥಣಿಯನ್ನು ಮತ್ತೆ ಅದೇ ಟೀವಿಯ ಮುಂದೆ ಕೂರಿಸಿದರು. ಪಾದಚಾರಿ ಕೊಟ್ರಬಸಪ್ಪನವರದು ಯಾವ ತಪ್ಪೂ ಇರಲಿಲ್ಲ ಎಂದು ಅವನೇ ಓದಿದ. ಸದ್ದು ಜೋರು ಮಾಡಿ, ಫೋಟೋವನ್ನು ಟೀವಿಯ ಎದುರಿಗೆ ತಿರುಗಿಸಿ ಇಟ್ಟು ಕೇಳಿಸಿದೆ.

ಸೇಡು ತೀರಿದರೆ ಮನಸ್ಸು ಖಾಲಿಯಾಗುತ್ತದೆ ಅನ್ನುತ್ತಾರೆ ತಿಳಿದವರು. ನನಗೇನೂ ಹಾಗಾಗಲಿಲ್ಲ. ಅವತ್ತು ರಾತ್ರಿ ಹೊಟ್ಟೆತುಂಬ ಉಂಡು ಮಲಗಿದೆ.

ಈಗ ಮತ್ತೆ ಮೈದಾನದಲ್ಲಿ ಎಂಟು ಹಾಕಿಸುತ್ತೇನೆ. ಮೊದಲು ಬಂದ ಶಿಷ್ಯ ಪಂಪಾಪತಿ. ಕಾಲು ಇನ್ನೂ ನಡುಗುತ್ತದೆ, ಅವರ ಎದುರಿಗೆ ನಿಲ್ಲುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಬರುವವರೆಗೆ ಕಲಿಸುತ್ತೇನೆ.

ಜಾಡಿಯಲ್ಲಿ ಮೇದಿನಿಯ ಹಣ್ಣು ಉಪ್ಪು ಹಿಡಿಯುತ್ತಿದೆ. ಅವಳಪ್ಪನ ಹಣ್ಣೂ ಒಂದಿತ್ತು, ಮೈದಾನದಲ್ಲಿ. ಓಡುವಾಗ ಅವನದೇ ಬೂಟು ತುಳಿದು ಅಪ್ಪಚ್ಚಿಯಾಗಿತ್ತು. ಮೈದಾನ ಗುಡಿಸುವವಳು ಎತ್ತಿ ತಂದು, "ಇದನ್ನೂ ಹಾಕ್ತೀಯೇನಕ್ಕಾ?" ಎಂದು ಕೇಳಿದಳು. ಬೇಡ, ಕಸಕ್ಕೆ ಒಗಿ ಅಂದೆ. ಫೇಲಾದವರ ಹಣ್ಣನ್ನು ಜಾಡಿಗೆ ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.